ತೇಲದ ಚರ್ಚು

ನಮ್ದು ಶಿರಾ ತಾಲ್ಲೂಕಿನ ಒಂದು ಹಳ್ಳಿ. ಬೋರ್‌ವೆಲ್ ಮುಂದೆ ಬಿಂದಿಗೆ ಸಾಲಾಗಿಟ್ಟು ಕಾಯೋದರಲ್ಲೇ ಬೇಸಿಗೆ ರಜೆ ಮುಗೀತಿತ್ತು. ಆಗ ಒಂದು ಹಳೇ ವಾರಪತ್ರಿಕೆಯಲ್ಲಿ ಶೆಟ್ಟಿಹಳ್ಳಿ ಚರ್ಚಿನ ಫೋಟೋ ಸಿಕ್ಕಿತು. ಸುತ್ತ ನೀರು, ನಡುವೆ ಸೊಂಟದವರೆಗೆ ಮುಳುಗಿದ ಕಮಾನುಗಳು. ಚರ್ಚು ಅಂದ್ರೆ ಏನು ಅಂತಲೂ ಸರಿಯಾಗಿ ಗೊತ್ತಿರಲಿಲ್ಲ. ಒಂದು ಕಟ್ಟಡವೇ ಮುಳುಗುವಷ್ಟು ನೀರು ಎಲ್ಲೋ ಇದೆಯಲ್ಲ ಅನ್ನೋದೇ ಬೆರಗು. ಹಾಳೆ ಕತ್ತರಿಸಿ ಅಟ್ಲಾಸಿನೊಳಗೆ ಇಟ್ಟುಕೊಂಡೆ. ಒಂದಿನ ಹೋಗಬೇಕು ಅಂತ.

ಹೋಗಿದ್ದು ಇಪ್ಪತ್ತು ವರ್ಷ ಬಿಟ್ಟು, ಒಂದು ಏಪ್ರಿಲ್‌ನಲ್ಲಿ. ಹಾಸನದಿಂದ ಸುಮಾರು 20 ಕಿ.ಮೀ. ನೀರು ಹಿಂದೆ ಸರಿದಿತ್ತು. ಬಿರುಕುಬಿಟ್ಟ ಮಣ್ಣಿನ ಮೇಲೆ ಚರ್ಚು ಬುಡದವರೆಗೂ ಕಾಣ್ತಿತ್ತು. ನಿಜ ಹೇಳ್ತೀನಿ, ಮೋಸಹೋದೆ ಅನ್ನಿಸಿತು.

ಒಳಗೆ ಕಾಲಿಟ್ಟ ಮೇಲೆ ಗೊತ್ತಾಯ್ತು, ಮೋಸ ಮಾಡಿದ್ದು ಚರ್ಚಲ್ಲ, ಫೋಟೋ. ಇದು 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ರೋಸರಿ ಚರ್ಚು, ಗೋಥಿಕ್ ಶೈಲಿ. ನಮ್ಮ ಶಿರಾದ ಮಲಿಕ್ ರಿಹಾನ್ ದರ್ಗಾ ನೋಡಿದವನಿಗೆ ಕಟ್ಟಡ ಅಂದ್ರೆ ಕಲ್ಲಿನ ಗಟ್ಟಿತನ. ಇಲ್ಲಿ ಚೂಪು ಕಮಾನುಗಳು ಭಾರವನ್ನು ಹಂಚಿಕೊಂಡು ಕಣ್ಣನ್ನು ಮೇಲಕ್ಕೆ ಎಳೆಯುತ್ತವೆ. ಚಾವಣಿ ಹೋಗಿದೆ, ಆದರೂ ಕತ್ತು ತಾನಾಗೇ ಮೇಲಕ್ಕೆ ಹೋಗುತ್ತೆ. ಒಳಗೆ ನಿಂತು ನೋಡಲೆಂದೇ ಕಟ್ಟಿದ್ದನ್ನು ನಾವು ದೂರದಿಂದ, ಡ್ರೋನಿನಿಂದ, ಬರೀ ಹೊರ ಆಕಾರಕ್ಕಾಗಿ ನೋಡುತ್ತಿದ್ದೇವೆ. ಒಳಬಂದವರಲ್ಲಿ ಕೆಲವರು ಗೋಡೆ ಮೇಲೆ ತಮ್ಮ ಹೆಸರು ಕೆತ್ತಿ ಹೋಗಿದ್ದಾರೆ.

'ತೇಲುವ ಚರ್ಚ್' ಅನ್ನೋ ಹೆಸರಿನ ಬಗ್ಗೆಯೂ ನನ್ನ ತಕರಾರಿದೆ. ಅದು ತೇಲ್ತಿಲ್ಲ ಸ್ವಾಮಿ, ನಿಂತಿದೆ. ಪ್ರತಿ ಮಳೆಗಾಲ ನೆನೆದು, ಪ್ರತಿ ಬೇಸಿಗೆ ಒಣಗಿ, ಗಾರೆ ಸಡಿಲಾಗುತ್ತಾ ನಿಂತಿದೆ. ಹಂಪಿಯನ್ನು ಯುದ್ಧ ಹಾಳುಮಾಡಿತು ಅಂತ ನಮ್ಮ ಪಾಠದಲ್ಲೇ ಇದೆ. ಶೆಟ್ಟಿಹಳ್ಳಿಯನ್ನು ಮುಳುಗಿಸಿದ್ದು ಒಂದು ಯೋಜನೆ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ಹಿನ್ನೀರು ಊರುಗಳ ಮೇಲೆ ಬಂತು, ಜನ ಎದ್ದು ಹೋದರು. ರೀಲ್ಸ್‌ನಲ್ಲಿ ನೀರಿದೆ, ಮಂಜಿದೆ, ಮದುವೆಗೆ ಮುಂಚಿನ ಜೋಡಿಗಳಿವೆ. ಇಲ್ಲಿ ಭಾನುವಾರ ಪೂಜೆಗೆ ಬರುತ್ತಿದ್ದವರು ಮಾತ್ರ ಇಲ್ಲ.

ದನ ಮೇಯಿಸುತ್ತಿದ್ದ ಅಜ್ಜ ಒಬ್ಬರು ಕೇಳಿದರು, "ಯಾವೂರಾಯ್ತಪ್ಪ?"

"ಶಿರಾ ಕಡೆ, ಅಜ್ಜ."

"ಓ, ನಮ್ ಹೊಳೆ ನೀರು ಬರೋ ಕಡೆಯೋನು. ಈಗ ನೀರು ಬತ್ತದಾ?"

ಬರುತ್ತೆ ಅಂದೆ. ಕಾಲುವೆ ಹಿಡಿದು ತುಮಕೂರು ಜಿಲ್ಲೆಗೆ ಬರುವ ಹೇಮಾವತಿ ಕಳ್ಳಂಬೆಳ್ಳ ಕೆರೆಗೂ ಶಿರಾ ಕೆರೆಗೂ ಸೇರುತ್ತೆ. ಮೊದಲ ಸಲ ಕೆರೆಗೆ ನೀರು ಬಂದಾಗ ಅಮ್ಮ ಫೋನ್ ಮಾಡಿದ್ದಳು, ದನಿಯಲ್ಲಿ ಜಾತ್ರೆ ಸಡಗರ. ಆ ನೀರು ಎಲ್ಲಿಂದ ಎದ್ದು ಬಂತು ಅಂತ ನಾನೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಅಣೆಕಟ್ಟು ಬೇಡವಿತ್ತು ಅನ್ನೋ ಮಾತು ನನ್ನ ಬಾಯಲ್ಲಿ ಬರಲ್ಲ. ಬಿಂದಿಗೆ ಹೊತ್ತವನು ನಾನು. ಆದರೆ ಆ ಫೋಟೋವನ್ನು ಸುಂದರ ಅಂತ ಮಾತ್ರ ನೋಡಲು ಇನ್ನು ಆಗಲ್ಲ. ನೀವು ಹೋಗೋದಾದರೆ ಬೇಸಿಗೆಯಲ್ಲೇ ಹೋಗಿ. ಕ್ಯಾಮೆರಾ ಸ್ವಲ್ಪ ಹೊತ್ತು ಚೀಲದಲ್ಲಿರಲಿ. ಒಳಗೆ ನಿಂತು ಒಮ್ಮೆ ಮೇಲೆ ನೋಡಿ.