ಖಾಲಿ ಮನೆಗೆ ನಾಲ್ಕು ಪಟ್ಟು ತೆರಿಗೆ, ಅಳತೆಗೋಲು 1991ರದ್ದು

ಇಂಗ್ಲೆಂಡಿನಲ್ಲಿ ಹತ್ತು ವರ್ಷದಿಂದ ಬೀಗ ಬಿದ್ದಿರುವ ಮನೆಯ ಮಾಲೀಕರು ಈಗ ಪಕ್ಕದ ಮನೆಯವರಿಗಿಂತ ನಾಲ್ಕು ಪಟ್ಟು ಕೌನ್ಸಿಲ್ ತೆರಿಗೆ ಕಟ್ಟಬೇಕಾಗಬಹುದು. ಒಂದು ಕಾಲಕ್ಕೆ ಇಂಥ ಮನೆಗಳಿಗೆ ಅಲ್ಲಿ ರಿಯಾಯಿತಿಯೇ ಸಿಗುತ್ತಿತ್ತು. ಎರಡು ವರ್ಷ ಖಾಲಿಯಿದ್ದ ಮನೆಗೆ ಶೇ 50ರವರೆಗೆ ಹೆಚ್ಚುವರಿ ತೆರಿಗೆ, ಅಂದರೆ ಪ್ರೀಮಿಯಂ, ಹಾಕುವ ಅಧಿಕಾರ ಸ್ಥಳೀಯ ಕೌನ್ಸಿಲ್‌ಗಳಿಗೆ ಬಂದದ್ದು 2013ರಲ್ಲಿ. 2019ರಲ್ಲಿ ಅದು ಶೇ 100 ಆಯಿತು. ಐದು ವರ್ಷ ದಾಟಿದ ಮನೆಗೆ 2020ರಿಂದ ಶೇ 200, ಹತ್ತು ವರ್ಷ ದಾಟಿದ್ದಕ್ಕೆ 2021ರಿಂದ ಶೇ 300; ಮೂಲ ತೆರಿಗೆಯೂ ಸೇರಿ ನಾಲ್ಕು ಪಟ್ಟು. 2024ರ ಏಪ್ರಿಲ್‌ನಿಂದ ಒಂದು ವರ್ಷ ಖಾಲಿಯಿದ್ದರೂ ಪ್ರೀಮಿಯಂ ಶುರು.

ಇದರ ಹಿಂದಿನ ನ್ಯಾಯವನ್ನು ನಾನು ಮನಸಾರೆ ಒಪ್ಪುತ್ತೇನೆ. ಒಂದು ಲಕ್ಷಕ್ಕೂ ಹೆಚ್ಚು ಕುಟುಂಬಗಳು ತಾತ್ಕಾಲಿಕ ವಸತಿಯಲ್ಲಿ ದಿನ ದೂಡುತ್ತಿರುವ ದೇಶದಲ್ಲಿ ವಾಸಯೋಗ್ಯ ಮನೆಗೆ ಬೀಗ ಜಡಿದಿಡುವುದು ಮಾಲೀಕರ ಖಾಸಗಿ ವ್ಯವಹಾರವಾಗಿ ಉಳಿಯುವುದಿಲ್ಲ. ಆದರೆ ಫಲ? ದೀರ್ಘಕಾಲ ಖಾಲಿಯಿರುವ ಮನೆಗಳ ಸಂಖ್ಯೆ 2016ರಲ್ಲಿ ಸುಮಾರು ಎರಡು ಲಕ್ಷಕ್ಕೆ ಇಳಿದಿತ್ತು. ದರ ಏರಿದ ಮೇಲಿನ ವರ್ಷಗಳಲ್ಲಿ ಅದೂ ಏರಿ ಎರಡೂವರೆ ಲಕ್ಷ ದಾಟಿತು. ಪ್ರೀಮಿಯಂನಿಂದಲೇ ಏರಿತು ಎಂದಲ್ಲ; ಅದೊಂದರಿಂದಲೇ ಇಳಿಯುವುದಿಲ್ಲ ಎಂಬುದಂತೂ ಸ್ಪಷ್ಟ.

ಯಾಕೆ ಇಳಿಯುವುದಿಲ್ಲ ಎಂದು ತಿಳಿಯಬೇಕಾದರೆ ಬಿಲ್ಲನ್ನೇ ನೋಡಬೇಕು. ಕೌನ್ಸಿಲ್ ತೆರಿಗೆಗೆ ಎ ಇಂದ ಎಚ್‌ವರೆಗೆ ಎಂಟು ಬ್ಯಾಂಡ್‌ಗಳು. ಯಾವ ಮನೆ ಯಾವ ಬ್ಯಾಂಡಿಗೆ ಎಂಬುದು ಇಂದಿಗೂ 1991ರ ಬೆಲೆಯ ಮೇಲೆಯೇ ನಿರ್ಧಾರವಾಗುತ್ತದೆ. ಅರಮನೆಯಂಥ ಮನೆಯಾದರೂ ಎಚ್ ಬ್ಯಾಂಡಿನ ತೆರಿಗೆ ಅದೇ ಊರಿನ ಎ ಬ್ಯಾಂಡಿನ ಮೂರು ಪಟ್ಟು ಮೀರುವಂತಿಲ್ಲ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ 2024-25ರಲ್ಲಿ ಎಚ್ ಬ್ಯಾಂಡಿಗೆ ಬಂದದ್ದು ಸುಮಾರು 2,000 ಪೌಂಡ್. ನಾಲ್ಕು ಪಟ್ಟಾದರೆ 8,000. ಅಲ್ಲಿ ಕೋಟಿ ಪೌಂಡಿನ ಬಂಗಲೆಯನ್ನು ಹೂಡಿಕೆಗೆಂದೇ ಕೊಂಡು ಮುಚ್ಚಿಟ್ಟವರಿಗೆ ಈ ಮೊತ್ತ ಲೆಕ್ಕಕ್ಕೇ ಬರುವುದಿಲ್ಲ. ಉತ್ತರದ ಬರ್ನ್ಲಿಯಲ್ಲಿ, ಹತ್ತಿ ಗಿರಣಿ ಕಾರ್ಮಿಕರಿಗಾಗಿ ಕಟ್ಟಿದ ಸಾಲುಮನೆಯೊಂದು ಎ ಬ್ಯಾಂಡಿನಲ್ಲಿದ್ದರೂ ವರ್ಷಕ್ಕೆ 1,500 ಪೌಂಡ್ ಮೀರುತ್ತದೆ. ನಾಲ್ಕು ಪಟ್ಟಾದರೆ 6,000ಕ್ಕೂ ಹೆಚ್ಚು. ಅಂಥ ಎಷ್ಟೋ ಮನೆಗಳು ಒಂದು ಲಕ್ಷ ಪೌಂಡಿಗೂ ಮಾರಾಟವಾಗುವುದಿಲ್ಲ. ಸೂರು ಸೋರಿ, ಗೋಡೆಗೆ ತೇವ ಹತ್ತಿ, ರಿಪೇರಿಗೆ ಕೈಯಲ್ಲಿ ಕಾಸಿಲ್ಲದೆ ಖಾಲಿ ಬಿದ್ದ ಮನೆಯ ಮೇಲೆ ಈ ಬಿಲ್ಲು ಬಂದರೆ, ಸೂರಿಗೆಂದು ಕೂಡಿಟ್ಟ ಹಣವೂ ತೆರಿಗೆಗೇ ಹೋಗುತ್ತದೆ. ಮಾರಾಟಕ್ಕಿಟ್ಟ ಅಥವಾ ದೊಡ್ಡ ದುರಸ್ತಿ ನಡೆಯುತ್ತಿರುವ ಮನೆಗಳಿಗೆ 2025ರಿಂದ ಹನ್ನೆರಡು ತಿಂಗಳವರೆಗೆ ವಿನಾಯಿತಿ ಕೊಟ್ಟಿದ್ದಾರೆ. ಒಳ್ಳೆಯದೇ, ಆದರೆ ದುರಸ್ತಿ ಶುರು ಮಾಡುವುದಕ್ಕೇ ದುಡ್ಡಿಲ್ಲದವರಿಗೆ ಅದರಿಂದ ಪ್ರಯೋಜನವಿಲ್ಲ.

ಇನ್ನೊಂದು ಬಿರುಕು ಕಾನೂನಿನ ವ್ಯಾಖ್ಯೆಯಲ್ಲೇ ಇದೆ. ಜನವಾಸವಿಲ್ಲದ, ಜೊತೆಗೆ ಬಹುಮಟ್ಟಿಗೆ ಪೀಠೋಪಕರಣಗಳೂ ಇಲ್ಲದ ಮನೆಗೆ ಮಾತ್ರ ಈ ಪ್ರೀಮಿಯಂ. ಮಂಚ, ಸೋಫಾ, ಊಟದ ಮೇಜು ತಂದು ಜೋಡಿಸಿದರೆ ಅದು 'ಎರಡನೇ ಮನೆ' ಆಗಿಬಿಡುತ್ತಿತ್ತು, ಪ್ರೀಮಿಯಂ ತಪ್ಪುತ್ತಿತ್ತು. 2025ರ ಏಪ್ರಿಲ್‌ನಿಂದ ಎರಡನೇ ಮನೆಗೂ ಪ್ರೀಮಿಯಂ ಹಾಕಬಹುದು, ಆದರೆ ಶೇ 100ರ ಮಿತಿಯೊಳಗೆ. ಹಾಗಾಗಿ ಶೇ 300 ತೆರಬೇಕಾದವರಿಗೆ ಮಂಚ ತರುವುದು ಈಗಲೂ ಲಾಭವೇ. ಆ ಮಂಚದ ಮೇಲೆ ಯಾರೂ ಮಲಗಬೇಕಾಗಿಲ್ಲ.

ವಸೂಲಾದ ಹಣವನ್ನು ಖಾಲಿ ಮನೆಗಳ ದುರಸ್ತಿಗೇ ಮೀಸಲಿಡಬೇಕೆಂಬ ಕಟ್ಟಳೆಯೂ ಇಲ್ಲ. ಅದು ಕೌನ್ಸಿಲ್‌ನ ಸಾಮಾನ್ಯ ಖಜಾನೆ ಸೇರುತ್ತದೆ. ನನಗೆ ಅತ್ಯಂತ ಬೇಸರ ತರಿಸುವುದು ಇದೇ. ಖಾಲಿ ಮನೆಯ ನಿರ್ವಹಣೆಯನ್ನು ಕೌನ್ಸಿಲ್ ತಾನೇ ವಹಿಸಿಕೊಂಡು ಬಾಡಿಗೆಗೆ ಕೊಡುವ ಅಧಿಕಾರ 2004ರ ವಸತಿ ಕಾಯ್ದೆಯಲ್ಲೇ ಇದೆ, ಅದನ್ನು ಬಳಸಿದ್ದು ತೀರಾ ಅಪರೂಪ. ಮನೆ ಹುಡುಕಿ, ಮಾಲೀಕರ ಜೊತೆ ಕೂತು ಮಾತಾಡಿ, ದುರಸ್ತಿ ಸಾಲ ಕೊಡಿಸಿ ಬಾಡಿಗೆದಾರರನ್ನು ತರುವ ಕೆಲಸಕ್ಕೆ ಸಿಬ್ಬಂದಿ ಬೇಕು. ಬಿಲ್ ಕಳಿಸುವುದಕ್ಕೆ ಅಷ್ಟು ಜನ ಬೇಕಿಲ್ಲ.

ಪಕ್ಕದ ವೇಲ್ಸ್ ತನ್ನ ಮನೆಗಳನ್ನು 2003ರ ಬೆಲೆಗೆ ಮರುಮೌಲ್ಯಮಾಪನ ಮಾಡಿ, ಮೇಲಿನ ತುದಿಗೆ ಒಂಬತ್ತನೇ ಬ್ಯಾಂಡ್ ಸೇರಿಸಿತು. ಅಲ್ಲಿ 2023ರಿಂದ ಖಾಲಿ ಮನೆಗೂ ಎರಡನೇ ಮನೆಗೂ ಮಿತಿ ಒಂದೇ, ಶೇ 300. ಇಂಗ್ಲೆಂಡ್ ಬ್ಯಾಂಡ್‌ಗಳನ್ನು ಮುಟ್ಟದೆ ಪ್ರೀಮಿಯಂ ದರವನ್ನಷ್ಟೇ ಏರಿಸುತ್ತಾ ಹೋದರೆ, ಅದರ ಪೂರ್ತಿ ಭಾರ ಬೀಳುವುದು ಬರ್ನ್ಲಿಯ ಮೇಲೆ.