ಹೆಸರಿಲ್ಲದವರು ಬರೆದ ಸಾಹಸಗಳು

ಬಾಲಸಾಹಿತ್ಯದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗ್ರಂಥಕರ್ತರಿಂದ ಆರಂಭಿಸುವರು. ಆದರೆ ಅಮೆರಿಕದ ‘ಹಾರ್ಡಿ ಬಾಯ್ಸ್’ ಮತ್ತು ‘ನಾನ್ಸಿ ಡ್ರೂ’ ಎಂಬ ಪತ್ತೇದಾರಿ ಮಾಲೆಗಳ ವಿಷಯದಲ್ಲಿ ಆ ಕ್ರಮ ಸಾಗದು. ಏಕೆಂದರೆ ಮೊದಲನೆಯದರ ಮುಖಪುಟದ ಮೇಲಿರುವ ಫ್ರಾಂಕ್ಲಿನ್ ಡಬ್ಲ್ಯು. ಡಿಕ್ಸನ್ ಆಗಲಿ, ಎರಡನೆಯದರ ಮೇಲಿರುವ ಕ್ಯಾರೊಲಿನ್ ಕೀನ್ ಆಗಲಿ ಈ ಭೂಮಿಯ ಮೇಲೆ ಎಂದೂ ಹುಟ್ಟಿದವರಲ್ಲ. ಮೂರು ನಾಲ್ಕು ತಲೆಮಾರುಗಳ ಮಕ್ಕಳು ಯಾರ ಹೆಸರನ್ನು ಭಕ್ತಿಯಿಂದ ಉಚ್ಚರಿಸಿ ಮುಂದಿನ ಸಂಪುಟಕ್ಕಾಗಿ ಕಾದರೋ, ಆ ಹೆಸರುಗಳು ಒಬ್ಬ ವ್ಯವಹಾರಕುಶಲನು ತನ್ನ ಕಚೇರಿಯಲ್ಲಿ ಕಲ್ಪಿಸಿಕೊಂಡ ವ್ಯಾಪಾರಮುದ್ರೆಗಳು ಮಾತ್ರ.

ಆ ವ್ಯವಹಾರಕುಶಲನು 1862ರಲ್ಲಿ ನ್ಯೂ ಜರ್ಸಿಯ ಎಲಿಜಬೆತ್ ಪಟ್ಟಣದಲ್ಲಿ ಜನಿಸಿದ ಎಡ್ವರ್ಡ್ ಸ್ಟ್ರಾಟೆಮೇಯರ್. ತಾನೇ ಬರೆದು ಜನಪ್ರಿಯನಾದ ಮೇಲೆ, ತನ್ನ ತಲೆಯಲ್ಲಿ ಹುಟ್ಟುವ ಕಥೆಗಳಿಗೆ ತನ್ನೊಬ್ಬನ ಕೈ ಸಾಲದೆಂದು ಕಂಡುಕೊಂಡು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ‘ಸ್ಟ್ರಾಟೆಮೇಯರ್ ಸಿಂಡಿಕೇಟ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. ಕಥೆಯ ಸಾರಾಂಶವನ್ನು ಕೆಲವೇ ಪುಟಗಳಲ್ಲಿ ಅವನು ಬರೆದು ಕಳುಹಿಸುವನು. ಕೂಲಿಗೆ ಗೊತ್ತಾದ ಲೇಖಕನು ಅದನ್ನು ಕೆಲವು ವಾರಗಳಲ್ಲಿ ಇನ್ನೂರು ಪುಟಗಳಿಗೆ ಹಿಗ್ಗಿಸಿ ಹಿಂದಿರುಗಿಸುವನು. ಒಂದು ಗಂಟು ಹಣ ಕೈಸೇರಿದೊಡನೆ ಕೃತಿಯ ಮೇಲಿನ ಸಮಸ್ತ ಹಕ್ಕನ್ನೂ, ‘ಇದನ್ನು ಬರೆದವನು ನಾನು’ ಎಂದು ಹೇಳಿಕೊಳ್ಳುವ ಸ್ವಾತಂತ್ರ್ಯವನ್ನೂ ಸಹಿಮಾಡಿ ಬಿಟ್ಟುಕೊಡುವನು. 1906ರಲ್ಲಿ ಐವತ್ತು ಸೆಂಟಿಗೆ ಗಟ್ಟಿರಟ್ಟಿನ ಪುಸ್ತಕವನ್ನು ಮಾರುವಂತೆ ಪ್ರಕಾಶಕರನ್ನು ಒಪ್ಪಿಸಿ, ಹುಡುಗರು ತಮ್ಮ ಪುಡಿಗಾಸಿನಿಂದಲೇ ಪುಸ್ತಕ ಕೊಳ್ಳಬಹುದಾದ ಮಾರುಕಟ್ಟೆಯನ್ನು ಬೆಳೆಸಿದವನೂ ಇವನೇ. ಗ್ರಂಥಪಾಲಕರು ಕೆರಳಿದರು. 1914ರಲ್ಲಿ ಬಾಯ್ ಸ್ಕೌಟ್ಸ್ ಸಂಸ್ಥೆಯ ಮುಖ್ಯ ಗ್ರಂಥಪಾಲಕನಾದ ಫ್ರಾಂಕ್ಲಿನ್ ಮ್ಯಾಥ್ಯೂಸನು, ಇಂಥ ಅಗ್ಗದ ಪುಸ್ತಕಗಳು ಬಾಲಕರ ಮಿದುಳನ್ನೇ ಸ್ಫೋಟಿಸುತ್ತವೆಂದು ಲೇಖನ ಬರೆದನು. ಅನೇಕ ಗ್ರಂಥಾಲಯಗಳು ಬಹುಕಾಲ ಈ ಮಾಲೆಗಳನ್ನು ಹೊಸ್ತಿಲು ದಾಟಗೊಡಲಿಲ್ಲ. ನಿಷೇಧದಿಂದ ಮಾರಾಟ ಕುಗ್ಗಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅಚ್ಚಿನಲ್ಲಿ ಎರಕ ಹೊಯ್ದ ಸಾಹಿತ್ಯವಾದ್ದರಿಂದ ಇದಕ್ಕೆ ವಿಮರ್ಶೆಯ ಗೌರವವೇಕೆಂದು ಕೇಳುವವರುಂಟು. ಅಚ್ಚು ಇದ್ದುದು ನಿಜ. ಪ್ರತಿ ಅಧ್ಯಾಯವೂ ಅಪಾಯದ ಅಂಚಿನಲ್ಲಿ ಮುಗಿಯಬೇಕು, ಆರಂಭದಲ್ಲಿ ಹಿಂದಿನ ಸಾಹಸಗಳ ಸ್ಮರಣೆಯೂ ಕೊನೆಯಲ್ಲಿ ಮುಂದಿನ ಸಂಪುಟದ ಸೂಚನೆಯೂ ಇರಬೇಕು, ನಾಯಕರು ವರ್ಷ ಕಳೆದರೂ ವಯಸ್ಸಾಗದೆ ಉಳಿಯಬೇಕು. ಆದರೆ ಇದೇ ಅಚ್ಚಿನಿಂದ ಹೊರಬಂದ ಹತ್ತಾರು ಮಾಲೆಗಳು ನಾಮಾವಶೇಷವಾಗಿರುವಾಗ ಈ ಎರಡು ಮಾತ್ರ ಏಕೆ ಉಳಿದುವು? ಅಚ್ಚನ್ನು ಕೊರೆದವನ ಜಾಣ್ಮೆಗಿಂತ, ಅದರೊಳಗೆ ಕುಳಿತು ಬರೆದವರು ಯಾರಿಗೂ ಹೇಳದೆ ವಹಿಸಿಕೊಂಡ ಸ್ವಾತಂತ್ರ್ಯವೇ ಇದಕ್ಕೆ ಕಾರಣವೆಂದು ನನ್ನ ಅಭಿಪ್ರಾಯ.

1927ರಲ್ಲಿ ಪ್ರಕಟವಾದ ‘ದಿ ಟವರ್ ಟ್ರೆಷರ್’ ಮೊದಲಾದ ಹಾರ್ಡಿ ಬಾಯ್ಸ್ ಸಂಪುಟಗಳನ್ನು ಬರೆದವನು ಲೆಸ್ಲಿ ಮ್ಯಾಕ್‌ಫಾರ್ಲೇನ್ ಎಂಬ ಕೆನಡಾದ ತರುಣ ಪತ್ರಕರ್ತ. ಸಂಭಾವನೆ ಪುಸ್ತಕವೊಂದಕ್ಕೆ 125 ಡಾಲರ್. ಕೆಲಸವನ್ನು ಅವನು ಹೊಟ್ಟೆಪಾಡೆಂದೇ ಬಗೆದಿದ್ದರೂ, ಹೇಗೋ ಮಾಡಿ ಮುಗಿಸುವ ಜಾಯಮಾನ ಅವನದಾಗಿರಲಿಲ್ಲ. ಬೇಪೋರ್ಟ್ ಎಂಬ ಕಲ್ಪಿತ ಬಂದರಿನ ಬಿರುಗಾಳಿಯನ್ನೂ ಕಡಲ್ಗರೆಯನ್ನೂ ಸಾವಧಾನವಾಗಿ ವರ್ಣಿಸಿದನು. ಊಟದ ಮೇಜನ್ನು ಹುಡುಗರ ಹಸಿವಿಗೆ ತಕ್ಕಂತೆ ತುಂಬಿದನು. ಬಾಯಿ ಬಿಟ್ಟರೆ ಗದರುವ, ಒಳಗೊಳಗೇ ಮಮತೆಯುಳ್ಳ ಗರ್‌ಟ್ರೂಡ್ ಅತ್ತೆಯನ್ನು ತಂದು ಕೂರಿಸಿದನು. ಎಲ್ಲಕ್ಕಿಂತ ಮಿಗಿಲಾಗಿ, ಊರಿನ ಪೊಲೀಸ್ ಮುಖ್ಯಸ್ಥ ಕಾಲಿಗ್ ಮತ್ತು ಪತ್ತೇದಾರನೆಂದು ಬೀಗುವ ಸ್ಮಫ್ ಎಂಬವರನ್ನು ಹಾಸ್ಯಪಾತ್ರಗಳನ್ನಾಗಿ ಮಾಡಿ, ಅಧಿಕಾರದ ಅಂಗಿ ತೊಟ್ಟವರೆಲ್ಲರೂ ಬುದ್ಧಿವಂತರಾಗಿರಬೇಕಿಲ್ಲವೆಂಬ ಸತ್ಯವನ್ನು ಹತ್ತು ವರ್ಷದ ಓದುಗನ ಕಿವಿಗೂ ಹಾಕಿದನು. ಇಂಥ ವಿನೋದ ಗುತ್ತಿಗೆಯ ಕರಾರಿನಲ್ಲಿ ಎಲ್ಲಿಯೂ ಇರುವಂಥದಲ್ಲ.

ನಾನ್ಸಿ ಡ್ರೂಳ ಕಥೆ ಇನ್ನೂ ಸ್ವಾರಸ್ಯವಾದುದು. ಆಕೆಯ ಮೊದಲ ಪುಸ್ತಕಗಳು 1930ರ ಏಪ್ರಿಲ್‌ನಲ್ಲಿ ಹೊರಬಂದುವು. ಮೇ ತಿಂಗಳ 10ರಂದು ಸ್ಟ್ರಾಟೆಮೇಯರ್ ತೀರಿಕೊಂಡನು. ಅವನ ಸಾರಾಂಶಕ್ಕೆ ಜೀವ ತುಂಬಿದವಳು ಅಯೋವಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಉನ್ನತ ಪದವಿ ಪಡೆದ ಮಿಲ್ಡ್ರೆಡ್ ವರ್ಟ್. ಮೊದಲ ಮೂವತ್ತು ಸಂಪುಟಗಳಲ್ಲಿ ಇಪ್ಪತ್ತಮೂರು ಆಕೆಯವು. ಹುಡುಗಿ ತೀರ ಗಡುಸಾದಳೆಂದು ಸ್ಟ್ರಾಟೆಮೇಯರ್ ಅಸಮಾಧಾನಗೊಂಡಿದ್ದನೆಂದು ಆಕೆ ಮುಂದೆ ನೆನೆದುಕೊಂಡಿದ್ದಾಳೆ. ಆ ಗಡಸುತನವೇ ಮಾಲೆಯ ಪ್ರಾಣ. ‘ದಿ ಸೀಕ್ರೆಟ್ ಆಫ್ ದಿ ಓಲ್ಡ್ ಕ್ಲಾಕ್’ ಎಂಬ ಪ್ರಥಮ ಕೃತಿಯಲ್ಲಿ ಕಳ್ಳರು ಆಕೆಯನ್ನು ನಿರ್ಜನವಾದ ಬೇಸಗೆ ಮನೆಯ ಬಟ್ಟೆಯ ಕೋಣೆಯೊಳಗೆ ಕೂಡಿ ಬೀಗ ಜಡಿದು ಹೋಗುತ್ತಾರೆ. ಕೂಗಿದರೆ ಕೇಳುವವರಿಲ್ಲ, ಒಂದು ಕ್ಷಣ ದಿಗಿಲು. ಆಮೇಲೆ ಕತ್ತಲಲ್ಲಿ ಕೈಯಾಡಿಸಿ, ಬಟ್ಟೆ ತೂಗುಹಾಕುವ ಮರದ ದಂಡವನ್ನು ಕಿತ್ತು, ಆರ್ಕಿಮಿಡೀಸನನ್ನು ನೆನೆದುಕೊಂಡು, ಅದನ್ನೇ ಸನ್ನೆಗೋಲಾಗಿ ಬಾಗಿಲಿಗೆ ಹೂಡುತ್ತಾಳೆ. ಹದಿನಾರರ ಹುಡುಗಿಯೊಬ್ಬಳು ಅಳುತ್ತ ಕುಳಿತು ರಕ್ಷಕನನ್ನು ಕಾಯದೆ ತನ್ನ ಬುದ್ಧಿಯನ್ನೇ ಆಯುಧವಾಗಿ ಹಿಡಿದದ್ದು 1930ರ ಬಾಲಕಿಯರಿಗೆ ಎಷ್ಟು ಹೊಸದಾಗಿ ಕಂಡಿರಬೇಕೆಂಬುದನ್ನು ಇಂದು ಊಹಿಸುವುದೂ ಕಷ್ಟ. ಮುಂದೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಪೀಠವನ್ನೇರಿದ ಸಾಂಡ್ರಾ ಡೇ ಓಕಾನರ್, ರೂತ್ ಬೇಡರ್ ಗಿನ್ಸ್‌ಬರ್ಗ್, ಸೋನಿಯಾ ಸೊಟೊಮೇಯರ್ ಈ ಮೂವರೂ ಬಾಲ್ಯದಲ್ಲಿ ನಾನ್ಸಿಯ ಓದುಗರಾಗಿದ್ದರು.

ಆದರೆ ಇದೇ ಪ್ರಸಂಗದಲ್ಲಿ ಮಾಲೆಯ ಕಳಂಕವೂ ಅಡಗಿದೆ. ಬಾಗಿಲ ಸದ್ದು ಕೇಳಿ ನಾನ್ಸಿಯನ್ನು ಬಿಡಿಸುವ ಕಾವಲುಗಾರ ಜೆಫ್ ಟಕರ್ ಮೂಲದಲ್ಲಿ ಕಪ್ಪು ವರ್ಣದವನು, ಕುಡುಕ, ನಗೆಪಾಟಲಿನ ವ್ಯಕ್ತಿ. ಇಂಥ ಅಪಹಾಸ್ಯ ಆ ಕಾಲದ ಪುಸ್ತಕಗಳಲ್ಲಿ ಹೇರಳವಾಗಿತ್ತೆಂಬ ಸಮಾಧಾನ ಸಾಲದು; ಓದುವ ಮಗು ಕಾಲವನ್ನು ಲೆಕ್ಕಹಾಕಿ ಓದುವುದಿಲ್ಲ. ತಂದೆ ಸ್ಟ್ರಾಟೆಮೇಯರನ ನಂತರ ಸಂಸ್ಥೆಯನ್ನು ನಡೆಸಿದ ಹ್ಯಾರಿಯೆಟ್ ಆಡಮ್ಸ್ 1959ರಿಂದ ಎರಡೂ ಮಾಲೆಗಳ ಹಳೆಯ ಸಂಪುಟಗಳನ್ನು ತಿದ್ದಿಸತೊಡಗಿದಳು. ಪ್ರಕಾಶಕರ ಒತ್ತಾಯವೂ ಅದಕ್ಕಿತ್ತು. ಕಾರ್ಯ ಅವಶ್ಯವಾದುದೇ, ಮಾಡಿದ ಬಗೆ ಮಾತ್ರ ಶೋಚನೀಯ. ಜೆಫ್ ಟಕರನಿಗೆ ಮಾನವನ್ನು ಮರಳಿ ಕೊಡುವ ಬದಲು ಅವನನ್ನು ಬಿಳಿಯನನ್ನಾಗಿ ಮಾಡಲಾಯಿತು. ಅನೇಕ ಕಡೆ ವರ್ಣೀಯರ ಅವಹೇಳನದ ಜೊತೆಗೆ ವರ್ಣೀಯರೂ ಕಥೆಯಿಂದ ಕಾಣೆಯಾದರು. ವೇಗದ ನೆಪದಲ್ಲಿ ಇಪ್ಪತ್ತೈದು ಅಧ್ಯಾಯಗಳು ಇಪ್ಪತ್ತಕ್ಕಿಳಿದುವು, ಬಿರುಗಾಳಿಯ ವರ್ಣನೆಗಳು ಕತ್ತರಿಗೆ ಬಲಿಯಾದುವು, ಕಾಲಿಗ್ ಗೌರವಾನ್ವಿತ ಅಧಿಕಾರಿಯಾದನು, ನಾನ್ಸಿ ಹದಿನೆಂಟರ ವಿನಯಶೀಲ ಕನ್ಯೆಯಾದಳು. ಕೆಲವು ಸಂಪುಟಗಳಲ್ಲಂತೂ ಹೆಸರೊಂದು ಉಳಿದು ಕಥೆಯೇ ಬೇರೆಯಾಯಿತು. ಕೊಳೆಯನ್ನು ತೊಳೆಯಹೊರಟವರು ಬಣ್ಣವನ್ನೂ ತೊಳೆದರು.

ನಮ್ಮ ನಗರಗಳ ಬಾಡಿಗೆ ಪುಸ್ತಕದಂಗಡಿಗಳಲ್ಲಿ ಇಂಗ್ಲಿಷ್ ಓದುವ ಮಕ್ಕಳ ಕೈಸೇರಿದ ಪ್ರತಿಗಳು ಬಹುಮಟ್ಟಿಗೆ ಈ ತಿದ್ದಿದ ಪಾಠಗಳೇ. ಕನ್ನಡದ ಪತ್ತೇದಾರಿ ಕಾದಂಬರಿಯ ಕಥೆ ಬೇರೆ ತೆರನಾದುದು: 500ಕ್ಕೂ ಹೆಚ್ಚು ಕೃತಿಗಳನ್ನು ಬರೆದ ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’ನನ್ನು ಬಲ್ಲವರೆಲ್ಲ ನರಸಿಂಹಯ್ಯನವರನ್ನೂ ಬಲ್ಲರು. ಅವು ದೊಡ್ಡವರಿಗೆಂದು ಬರೆದವು, ಮಕ್ಕಳು ಕದ್ದು ಓದಿದವು. ಗುಣದೋಷಗಳೇನಿದ್ದರೂ ಅವುಗಳ ಹೊಣೆ ಹೊರಲು ಒಬ್ಬ ಮನುಷ್ಯನಿದ್ದನು. ಸಿಂಡಿಕೇಟಿನ ಪುಸ್ತಕಗಳಿಗೆ ಇಲ್ಲದೆ ಹೋದದ್ದು ಅದೇ. ಹೊಣೆಗಾರನಿಲ್ಲದ ಪಾಠವನ್ನು ಯಾರು ಹೇಗೆ ಕತ್ತರಿಸಿದರೂ ತಡೆಯುವವರಿರುವುದಿಲ್ಲ.

ಗುಟ್ಟು ಬಯಲಾದದ್ದು ನ್ಯಾಯಾಲಯದಲ್ಲಿ. ಸಂಸ್ಥೆ ಹೊಸ ಸಂಪುಟಗಳನ್ನು ಬೇರೊಬ್ಬ ಪ್ರಕಾಶಕರಿಗೆ ಕೊಟ್ಟಾಗ ಹಳೆಯ ಪ್ರಕಾಶಕರು ಹೂಡಿದ ವ್ಯಾಜ್ಯದಲ್ಲಿ, 1980ರಲ್ಲಿ, ಮಿಲ್ಡ್ರೆಡ್ ಸಾಕ್ಷಿಯಾಗಿ ಬಂದು ನಿಂತಳು. ನೀನು ಸತ್ತಿರುವೆಯೆಂದೇ ಎಣಿಸಿದ್ದೆನೆಂದು ಹ್ಯಾರಿಯೆಟ್ ಉದ್ಗರಿಸಿದಳೆಂದು ಹೇಳುತ್ತಾರೆ. 1984ರಲ್ಲಿ ಸಂಸ್ಥೆಯೇ ಸೈಮನ್ ಅಂಡ್ ಶುಸ್ಟರ್‌ಗೆ ಮಾರಾಟವಾಯಿತು. 1993ರಲ್ಲಿ ಅಯೋವಾ ವಿಶ್ವವಿದ್ಯಾಲಯ ನಾನ್ಸಿ ಡ್ರೂ ಕುರಿತು ಸಮ್ಮೇಳನ ನಡೆಸಿ, ಬಹುಕಾಲ ಮರೆಯಲ್ಲಿದ್ದ ಕರ್ತೃವಿಗೆ ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸಿತು. ಟೊಲಿಡೊ ನಗರದ ಪತ್ರಿಕೆಗೆ ಬರೆಯುತ್ತಲೇ ಇದ್ದ ಆಕೆ 2002ರಲ್ಲಿ, ತೊಂಬತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಮೂಲಪಾಠಗಳು 1991ರಿಂದ ಮತ್ತೆ ಅಚ್ಚಾಗತೊಡಗಿದುವು. 1927ರ ಹಾರ್ಡಿ ಸಂಪುಟಗಳ ಕೃತಿಸ್ವಾಮ್ಯ ಅಮೆರಿಕದಲ್ಲಿ 2023ಕ್ಕೆ ಮುಗಿಯಿತು. ಮಕ್ಕಳಿಗೆ ನಾನ್ಸಿಯನ್ನು ಓದಿಸಬಯಸುವ ತಂದೆತಾಯಿಗಳು ಮೊದಲು ಪರಿವಿಡಿಯನ್ನು ನೋಡಲಿ. ಹಳೆಯ ಸಂಪುಟಗಳಲ್ಲಿ ಅಧ್ಯಾಯಗಳು ಇಪ್ಪತ್ತಿದ್ದರೆ ಅದು ತಿದ್ದಿದ ಪಾಠ. ಇಪ್ಪತ್ತೈದಿದ್ದರೆ ಮೂಲಪಾಠ, ಅದನ್ನೇ ಕೊಳ್ಳಿರಿ, ಜೆಫ್ ಟಕರನ ಪುಟ ಬಂದಾಗ ಮಾತ್ರ ಮಗುವಿನ ಪಕ್ಕದಲ್ಲಿ ಕುಳಿತು ಓದಿರಿ.