ತಲೆಸುತ್ತು ಯಾರ ತಪ್ಪು?

ವಿಆರ್ ಹೆಡ್‌ಸೆಟ್ ಹಾಕಿಕೊಂಡ ಸ್ವಲ್ಪ ಹೊತ್ತಿಗೆ ಹೊಟ್ಟೆ ತೊಳಸಿ, ಮೈ ಬೆವೆತು, ಅದನ್ನು ಕಳಚಿಟ್ಟವರಿಗೆ ಸಿಗುವ ಸಮಾಧಾನ ಸಾಮಾನ್ಯವಾಗಿ ಒಂದೇ: ‘ಮೊದಮೊದಲು ಹಾಗೇ, ಆಮೇಲೆ ಅಭ್ಯಾಸವಾಗುತ್ತೆ.’ ಹಲವರಿಗೆ ಅಭ್ಯಾಸವಾಗುವುದು ನಿಜ. ಆದರೂ ಈ ಮಾತು ನನಗೆ ಒಪ್ಪಿಗೆಯಿಲ್ಲ. ದೋಷವನ್ನು ಪೂರ್ತಿ ತೊಟ್ಟವರ ಮೈಮೇಲೆ ಹೊರಿಸಿ, ಯಂತ್ರವನ್ನು ಮಾಡಿದವರನ್ನು ಅದು ಸುಮ್ಮನೆ ಬಿಟ್ಟುಬಿಡುತ್ತದೆ.

ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಬಸ್ಸಿನೊಳಗೆ ಮೊಬೈಲ್ ನೋಡುತ್ತ ಕೂತವರಿಗೆ ಮೂಲ ಕಾರಣದ ಅರ್ಧ ಗೊತ್ತೇ ಇದೆ. ಒಳಕಿವಿ ಪ್ರತಿ ತಿರುವನ್ನೂ ಲೆಕ್ಕ ಹಾಕುತ್ತಿರುತ್ತದೆ, ಕಣ್ಣಿಗೆ ಮಾತ್ರ ಕದಲದ ಪರದೆ. ವಿಆರ್‌ನಲ್ಲಿ ಇದು ತಿರುಗುಮುರುಗು: ಕಣ್ಣೆದುರು ಲೋಕವೇ ಓಡುತ್ತದೆ, ಒಳಕಿವಿ ಕುರ್ಚಿ ಕದಲಿಲ್ಲ ಎನ್ನುತ್ತದೆ. ಜೇಮ್ಸ್ ರೀಸನ್ ಮತ್ತು ಬ್ರ್ಯಾಂಡ್ 1975ರ ಪುಸ್ತಕದಲ್ಲಿ ವಿಸ್ತರಿಸಿದ ಸಂವೇದನಾ ಸಂಘರ್ಷದ ವಾದ ಇದೇ. ಇದಕ್ಕೆ ಬಲವಾದ ಸಾಕ್ಷಿ ಆ ಪುಸ್ತಕಕ್ಕಿಂತ ಹಳೆಯದು. 1950ರ ದಶಕದಲ್ಲಿ ಅಮೆರಿಕದ ನೌಕಾಪಡೆ ಬಳಸಿದ ಹೆಲಿಕಾಪ್ಟರ್ ಸಿಮ್ಯುಲೇಟರಿನಲ್ಲಿ ಹೊಸ ವಿದ್ಯಾರ್ಥಿಗಳಿಗಿಂತ ನುರಿತ ತರಬೇತುದಾರರಿಗೇ ಹೆಚ್ಚು ಓಕರಿಕೆ ಬಂತು. ಯಾವ ವಾಲುವಿಕೆಗೆ ಎಂಥ ಎಳೆತ ಬರಬೇಕೆಂದು ಅವರ ಮೈಗೆ ತಿಳಿದಿತ್ತು. ಅದು ಬಾರದಿದ್ದಾಗ ಮೈ ತಕರಾರು ತೆಗೆಯಿತು. ತಲೆಸುತ್ತು ಅನುಭವವಿಲ್ಲದವರ ಬಾಧೆ ಎಂಬ ನಂಬಿಕೆ ಅಂದೇ ಬಿದ್ದುಹೋಗಬೇಕಿತ್ತು.

ಸಂಘರ್ಷ ಎಲ್ಲರಿಗೂ ಇದ್ದರೂ ಕೆಲವರಿಗೆ ಮಾತ್ರ ಏಕೆ ವಾಂತಿ ಬರುತ್ತದೆ ಎಂಬ ಪ್ರಶ್ನೆಗೆ ಈ ವಾದ ಕೊಡುವ ಉತ್ತರ ತೆಳು. 1991ರಲ್ಲಿ ರಿಚಿಯೊ ಮತ್ತು ಸ್ಟಾಫ್ರೆಗನ್ ಬೇರೆ ದಾರಿ ಹಿಡಿದರು: ಮೈಯ ಸಮತೋಲ ಹಿಡಿತ ತಪ್ಪುವುದೇ ಕಾರಣ, ಓಕರಿಕೆ ಅದರ ಹಿಂದೆ ಬರುತ್ತದೆ ಎಂದರು. ಎರಡು ವಾದಗಳ ಜಗಳ ಇನ್ನೂ ಮುಗಿದಿಲ್ಲ.

ಎಂಜಿನಿಯರುಗಳು ಅದಕ್ಕಾಗಿ ಕಾಯಲಿಲ್ಲ. ಆಕ್ಯುಲಸ್ ಕಂಪನಿಯ ಮೊದಲ ಡೆವಲಪರ್ ಕಿಟ್ (2013) ತಲೆ ತಿರುಗಿಸುವುದನ್ನು ಅರಿಯುತ್ತಿತ್ತು, ಮುಂದೆ ಬಾಗುವುದನ್ನಲ್ಲ. ಮೇಜಿನ ಮೇಲಿನ ವಸ್ತುವನ್ನು ಹತ್ತಿರದಿಂದ ನೋಡೋಣವೆಂದು ಕುತ್ತಿಗೆ ಚಾಚಿದರೆ, ಚಾಚಿದಷ್ಟೇ ದೂರ ಮೇಜೂ ಹಿಂದೆ ಸರಿಯುತ್ತಿತ್ತು. ಸೆಕೆಂಡಿಗೆ 60 ಚಿತ್ರ. ತಲೆ ಹೊರಳಿಸಿದರೆ ದೃಶ್ಯ ಕಲಸಿಹೋಗುತ್ತಿತ್ತು. 2014ರ ಕಿಟ್ ಬಾಗುವುದನ್ನೂ ಹಿಡಿಯಿತು, 2016ರ ರಿಫ್ಟ್ ಹೆಡ್‌ಸೆಟ್ ಸೆಕೆಂಡಿಗೆ 90 ಚಿತ್ರಕ್ಕೆ ಏರಿತು. ತಲೆ ಅಲುಗಿದ ಕ್ಷಣದಿಂದ ಪರದೆಯ ಬೆಳಕು ಬದಲಾಗುವವರೆಗೆ 20 ಮಿಲಿಸೆಕೆಂಡ್ ಮೀರಬಾರದೆಂದು ಪಟ್ಟು ಹಿಡಿದು ಕೆಲಸ ಮಾಡಿದ ಆ ವರ್ಷಗಳು ನಿಜಕ್ಕೂ ಮೆಚ್ಚತಕ್ಕವು.

ಅಂಥ ಕಂಪನಿಯೇ 2019ರಲ್ಲಿ ರಿಫ್ಟ್ ಎಸ್ ತಂದಾಗ 90 ಚಿತ್ರ 80ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡ ನಷ್ಟ, ಲೆನ್ಸ್‌ಗಳನ್ನು ಹತ್ತಿರ ದೂರ ಸರಿಸುವ ಗುಬ್ಬಿಯನ್ನು ಕಿತ್ತುಹಾಕಿದ್ದು. ಕನ್ನಡಕದ ಅಂಗಡಿಯವರು ಚೀಟಿಯಲ್ಲಿ ಪಿ.ಡಿ. ಎಂದು ಬರೆಯುವ, ಎರಡು ಪಾಪೆಗಳ ನಡುವಿನ ಅಂತರ ದೊಡ್ಡವರಲ್ಲಿ ಸರಾಸರಿ 63 ಮಿ.ಮೀ. ಆಸುಪಾಸು. ರಿಫ್ಟ್ ಎಸ್ ಆ ಸರಾಸರಿಗೇ ಲೆನ್ಸ್‌ಗಳನ್ನು ಗಟ್ಟಿಯಾಗಿ ಕೂರಿಸಿತು. ಆ ಹೊತ್ತಿಗೆ ಹೊರನಡೆದಿದ್ದ ಸಂಸ್ಥಾಪಕ ಪಾಮರ್ ಲಕಿ, ತನ್ನ ಅಂತರ 70 ಮಿ.ಮೀ. ಹತ್ತಿರವಿರುವುದರಿಂದ ಇದನ್ನು ತಾನೇ ಬಳಸಲಾರೆನೆಂದು ಬಹಿರಂಗವಾಗಿ ಬರೆದರು.

ಪೆಟ್ಟು ಬಿದ್ದದ್ದು ಹೆಚ್ಚಾಗಿ ಇನ್ನೊಂದು ಬದಿಗೆ, ಅಂತರ ಕಡಿಮೆ ಇರುವವರಿಗೆ. ಸರಾಸರಿಯಲ್ಲಿ ಹೆಂಗಸರ ಪಾಪೆಗಳ ಅಂತರ ಗಂಡಸರದಕ್ಕಿಂತ ಕಡಿಮೆ. ಸ್ಟಾಫ್ರೆಗನ್ ಬಳಗ 2017ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ರಿಫ್ಟ್ ತೊಟ್ಟು ಭಯಾನಕ ಗೇಮ್ ಆಡಿದ 18 ಹೆಂಗಸರಲ್ಲಿ 14 ಮಂದಿಗೆ ತಲೆಸುತ್ತು ಬಂತು, 18 ಗಂಡಸರಲ್ಲಿ 6 ಮಂದಿಗೆ. ಆ ಬಳಗ ಕಾರಣವನ್ನು ಮೈ ತೂಗುವ ರೀತಿಯಲ್ಲಿ ಹುಡುಕಿತು. ಕೇ ಸ್ಟ್ಯಾನಿ ತಂಡ 2020ರಲ್ಲಿ ಲೆನ್ಸ್‌ಗಳತ್ತ ಬೆರಳು ತೋರಿತು: ಲೆನ್ಸ್ ಅಂತರ ಸರಿಹೊಂದಿದ ಹೆಂಗಸರ ಬಾಧೆ ಗಂಡಸರಷ್ಟೇ ಇತ್ತು. ‘ಹೆಂಗಸರಿಗೆ ಇದು ಒಗ್ಗುವುದಿಲ್ಲ’ ಎಂಬ ಮಾತನ್ನು ಎಷ್ಟೋ ವರ್ಷ ಪ್ರಕೃತಿಯ ನಿಯಮದಂತೆ ಆಡಿಕೊಂಡು ಬಂದದ್ದನ್ನು ನೆನೆದರೆ ಸಿಟ್ಟು ಬರುತ್ತದೆ.

ಗೇಮ್ ಬರೆಯುವವರ ಪಾಲೂ ಇದೆ. ನಿಂತಲ್ಲೇ ನಿಂತು ಕೈಯಲ್ಲಿರುವ ಕಂಟ್ರೋಲರಿನ ಕಡ್ಡಿ ದೂಡಿ ಓಡಿಸುವುದೇ ಅತಿ ಕೆಟ್ಟ ಕ್ರಮ. ಓಡುವಾಗ ದೃಶ್ಯದ ಅಂಚನ್ನು ಕಪ್ಪು ಮಾಡುತ್ತ ಬರುವ ಉಪಾಯವನ್ನು ಕೊಲಂಬಿಯಾ ವಿಶ್ವವಿದ್ಯಾಲಯದ ಫರ್ನಾಂಡಿಸ್ ಮತ್ತು ಫೈನರ್ 2016ರಲ್ಲಿ ಪರೀಕ್ಷಿಸಿ ತೋರಿಸಿದರು. ಕೆಲಸ ಮಾಡುತ್ತದೆ, ಏಕೆಂದರೆ ಚಲನೆಯ ಭ್ರಮೆಯನ್ನು ಹೆಚ್ಚಾಗಿ ಹುಟ್ಟಿಸುವುದು ಕಣ್ಣಂಚೇ. ಸುತ್ತಲೂ ಲೋಕವಿದೆ ಎಂಬ ಸುಖ ಕೊಡುವುದೂ ಅದೇ. ನನ್ನ ಮಟ್ಟಿಗೆ ಒಂದು ಜಾಗದಿಂದ ಇನ್ನೊಂದಕ್ಕೆ ಥಟ್ಟನೆ ಜಿಗಿಸುವ ಟೆಲಿಪೋರ್ಟ್ ಹೆಚ್ಚು ಪ್ರಾಮಾಣಿಕ: ಇಲ್ಲದ ಓಟವನ್ನು ಅದು ನಟಿಸುವುದಿಲ್ಲ.

ಆಕ್ಯುಲಸ್ ಸಾಲಿನದೇ ಆದ 2023ರ ಕ್ವೆಸ್ಟ್ 3 ಹೆಡ್‌ಸೆಟ್ ಚಕ್ರ ತಿರುಗಿಸಿ ಲೆನ್ಸ್ ಹೊಂದಿಸಿಕೊಳ್ಳುವ ಸೌಲಭ್ಯ ಕೊಟ್ಟಿತು. ಮರುವರ್ಷದ ಅಗ್ಗದ ಕ್ವೆಸ್ಟ್ 3ಎಸ್‌ನಲ್ಲಿ ಮೂರೇ ಹಂತ: 58, 63, 68. ಗೇಮ್‌ಗಳಿಗೆ ಆರಾಮ, ಮಧ್ಯಮ, ತೀವ್ರ ಎಂದು ದರ್ಜೆ ಕೊಡುವ ಕಂಪನಿ, ಈ ಮೂರು ಅಂಕಿಗಳನ್ನು ಪೆಟ್ಟಿಗೆಯ ಮುಂಬದಿಯಲ್ಲೇ ದಪ್ಪಕ್ಷರದಲ್ಲಿ ಅಚ್ಚು ಹಾಕಬೇಕು. ಕೊಳ್ಳುವವರು ದುಡ್ಡು ಕೊಡುವ ಮುಂಚೆ ಕನ್ನಡಕದ ಅಂಗಡಿಯಲ್ಲಿ ಪಿ.ಡಿ. ಅಳೆಸಿಕೊಳ್ಳಲಿ.